ಹೂವಿನ ಹಿಂದೆ ಯಾರೂ ನಿಲ್ಲಬೇಡಿ

ನಮ್ಮೂರಿನಲ್ಲಿ ಹೂವಿನ ಫೋಟೋ ತೆಗೆಯುವ ಮುಂಚೆ ಮೂರು ಸಲ ಕೂಗಬೇಕು, ಹೂವಿನ ಹಿಂದೆ ಯಾರೂ ನಿಲ್ಲಬೇಡಿ ಅಂತ. ಪುರಸಭೆಯವರು ಪಾರ್ಕಿನ ಗೇಟಿಗೆ ಇದನ್ನೇ ಹಳದಿ ಬಣ್ಣದಲ್ಲಿ ಬರೆಸಿದ್ದಾರೆ. ಬಸ್ ನಿಲ್ದಾಣದ ಎದುರಿನ ಕಣಗಿಲೆ ಗಿಡಕ್ಕೂ ಒಂದು ಬೋರ್ಡು ನೇತುಹಾಕಿದ್ದಾರೆ. ಹತ್ತಿರದಿಂದ ತೆಗೆದ ಹೂವಿನ ಫೋಟೋದಲ್ಲಿ ಹಿಂದೆ ಇರುವುದೆಲ್ಲ ಮಬ್ಬಾಗುತ್ತದಲ್ಲ, ನಮ್ಮೂರಿನಲ್ಲಿ ಅದು ಫೋಟೋಗೆ ಮಾತ್ರ ನಿಲ್ಲುವುದಿಲ್ಲ. ಹಿಂದೆ ನಿಂತವರು ನಿಂತಲ್ಲೇ ಮಬ್ಬಾಗುತ್ತಾರೆ. ಮೂಗು, ಬಾಯಿ, ಉಟ್ಟ ಬಟ್ಟೆ ಎಲ್ಲ ಒಂದರೊಳಗೊಂದು ಕಲೆಸಿಹೋಗಿ, ಒದ್ದೆ ಗಾಜಿನ ಆಚೆ ನಿಂತವರ ಹಾಗೆ ಕಾಣುತ್ತಾರೆ. ಆ ಹೂವು ಬಾಡುವ ತನಕ ಹಾಗೇ. ಬಾಡಿತು ಅಂದರೆ ಮತ್ತೆ ಮೊದಲಿನ ಹಾಗೆ.

ಇದಕ್ಕೆ ಊರು ಎಂದೋ ಒಗ್ಗಿಕೊಂಡಿದೆ. ಮಲ್ಲಿಗೆಯಾದರೆ ಒಂದು ದಿನ, ಗುಲಾಬಿಯಾದರೆ ನಾಲ್ಕು ದಿನ, ಸೇವಂತಿಗೆಯಾದರೆ ಹದಿನೈದು ದಿನಕ್ಕೆ ಮೋಸವಿಲ್ಲ. ಅದಕ್ಕೇ ಸೇವಂತಿಗೆ ಕಾಲದಲ್ಲಿ ಇಲ್ಲಿ ಯಾರೂ ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಳ್ಳುವುದಿಲ್ಲ. ಮಬ್ಬಾದವರಿಗೆ ಗಡ್ಡ ಹೆರೆಯುವುದಿಲ್ಲ ಎಂದು ಕ್ಷೌರದಂಗಡಿಯವನು ಬರೆದು ಹಾಕಿದ್ದಾನೆ, ಅವನ ಕಷ್ಟ ಅವನಿಗೆ. ಹೆಂಡತಿಯ ಕಡೆಯ ನೆಂಟರು ಬರುತ್ತಾರೆ ಅಂದರೆ ಕೆಲವು ಗಂಡಸರು ತಾವಾಗಿಯೇ ನನ್ನ ಸ್ಟುಡಿಯೋಗೆ ಬಂದು, ಒಂದು ಗುಲಾಬಿ ಹಿಂದೆ ನಿಲ್ಲಿಸಿಬಿಡ್ರೀ ಅನ್ನುತ್ತಾರೆ. ನಮ್ಮ ವಾರ್ಡಿನ ಸದಸ್ಯರಂತೂ ಗೆದ್ದ ಮಾರನೆಯ ದಿನವೇ ಸೇವಂತಿಗೆ ಹಿಂದೆ ಹೋದವರು, ಕುಂಡ ಬದಲಾಯಿಸಿ ಬದಲಾಯಿಸಿ ಇವತ್ತಿಗೂ ಈಚೆಗೆ ಬಂದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಹುಷಾರು. ಅವಸರಪಟ್ಟು ಹೂವನ್ನು ಹೊಸಕಬಾರದು. ಲೈಬ್ರರಿಯ ಗುಮಾಸ್ತರು ಒಮ್ಮೆ ಕಾಯುವಷ್ಟು ತಾಳ್ಮೆಯಿಲ್ಲದೆ ಹೂವನ್ನು ಚಪ್ಪಲಿಯಲ್ಲಿ ತಿಕ್ಕಿದರು. ತಕ್ಷಣ ಸ್ಪಷ್ಟವಾದರು, ಸುಳ್ಳಲ್ಲ. ಆದರೆ ಅವರ ಎಡಗಿವಿ ದವಡೆಯ ಹತ್ತಿರ ಬಂದು ಕೂತಿತು. ಅವರು ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡೇ ಪುಸ್ತಕ ಕೊಡುತ್ತಾರೆ.

ಇನ್ನು ನನ್ನ ವಿಷಯ. ನನ್ನ ಹೆಸರು ಗುರುಶಾಂತಪ್ಪ, ವಯಸ್ಸು ಐವತ್ತೆರಡು. ಊರಿನ ಪುಷ್ಪಚಿತ್ರ ಸಂಘ ವರ್ಷಕ್ಕೊಮ್ಮೆ ಇಡುವ ಸ್ಪರ್ಧೆಯಲ್ಲಿ ಸತತ ಮೂರು ವರ್ಷ ಸೋತವನು. ಹೂವನ್ನು ಹತ್ತಿರದಿಂದ ತೆಗೆಯುವ ವಿದ್ಯೆಯಲ್ಲಿ ನನಗೆ ಗೊತ್ತಿಲ್ಲದ್ದು ಇಲ್ಲ. ನಿಂತು ಮೇಲಿನಿಂದ ತೆಗೆಯಬಾರದು, ಹೂವಿನ ಎತ್ತರಕ್ಕೆ ಇಳಿಯಬೇಕು. ಫೋಟೋದ ನಟ್ಟನಡುವೆ ತಂದು ಪೊಲೀಸಿನವರ ಹಾಗೆ ನಿಲ್ಲಿಸಬಾರದು, ಒಂದು ಪಕ್ಕಕ್ಕೆ ಬಿಟ್ಟು ಅದು ನೋಡುವ ಕಡೆ ಜಾಗ ಕೊಡಬೇಕು. ಫೋಕಸ್ಸು ದಳದ ಮೇಲಲ್ಲ, ಕೇಸರದ ತುದಿಯ ಮೇಲೆ ಕೂರಬೇಕು. ಹಿಂದೆ ಬಕೆಟ್ಟು, ಪೊರಕೆ, ನೆಂಟರು ಇರಬಾರದು. ಇದೆಲ್ಲವನ್ನೂ ನಾನು ಪಾಲಿಸಿದ್ದೇನೆ. ಗಾಳಿಗೆ ಅಲ್ಲಾಡದಿರಲಿ ಅಂತ ಕಾಂಡವನ್ನು ಕಡ್ಡಿಗೆ ಕಟ್ಟಿದ್ದೇನೆ, ಕೊಡೆ ಅಡ್ಡ ಹಿಡಿದಿದ್ದೇನೆ, ಇರುವೆ ಗೂಡಿನ ಮೇಲೆ ಬೋರಲು ಮಲಗಿ ಉಸಿರು ಬಿಗಿಹಿಡಿದಿದ್ದೇನೆ. ಆದರೂ ನನ್ನ ಹೂವುಗಳು ಮಬ್ಬು ಮಬ್ಬಾಗಿಯೇ ಬರುತ್ತಿದ್ದವು. ಸಂಘದ ಅಧ್ಯಕ್ಷರು ಸೋಮಾರಾಧ್ಯರು, ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಮೂರನೆಯ ವರ್ಷ ನನ್ನ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ತುಂಬಿದ ಸಭೆಯಲ್ಲಿ, "ಗುರುಶಾಂತಪ್ಪನವರೇ, ಪಾಪ, ಹೂವಿಗೆ ಜ್ವರ ಬಂದಿತ್ತೇನು?" ಎಂದರು.

ಗಾಳಿ ಅಂದೆ. ಪ್ರತಿ ವರ್ಷವೂ ಗಾಳಿ ಅನ್ನುತ್ತಿದ್ದೆ. ಗಾಳಿಯಲ್ಲ ಅಂತ ಗೊತ್ತಿದ್ದವಳು ನನ್ನ ಹೆಂಡತಿ ಶಿವಗಂಗಾ ಒಬ್ಬಳೇ. ಅವಳು ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಊರಿನ ಅರ್ಧ ಹೆಂಗಸರ ಅಳತೆ ಅವಳ ಬಾಯಲ್ಲಿದೆ, ಇನ್ನರ್ಧದವರ ಗುಟ್ಟೂ ಅಲ್ಲೇ ಇದೆ. "ಪೇಪರನ್ನ ಮಾರುದ್ದ ಹಿಡ್ಕೊಂಡು ಓದ್ತೀರಿ, ಅನ್ನದಲ್ಲಿ ಕಲ್ಲು ಕಾಣ್ಸಲ್ಲ ನಿಮಗೆ. ಕನ್ನಡಕ ಮಾಡಿಸ್ಕೊಳ್ಳಿ ಅಂದ್ರೆ ಮುದುಕ ಅಂದಂಗಾಗತ್ತೆ," ಎನ್ನುತ್ತಿದ್ದಳು. ಫೋಟೋಗ್ರಾಫರನಿಗೆ ಕನ್ನಡಕ ಅಂದರೆ ಅಡುಗೆಭಟ್ಟನಿಗೆ ನಾಲಿಗೆ ಸತ್ತ ಹಾಗೆ ಎಂದು ನಾನು ಮುಖ ಊದಿಸಿಕೊಳ್ಳುತ್ತಿದ್ದೆ.

ಈ ವರ್ಷ ಫೋಟೋ ಕೊಡಲು ಕೊನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ನಮ್ಮ ಹಿತ್ತಿಲಿನ ದಾಸವಾಳದ ಗಿಡದಲ್ಲಿ ಒಂದೇ ಒಂದು ಹೂವು. ಎಂಥ ಹೂವು ಅಂತೀರಿ. ಅಂಗೈ ಅಗಲ, ಕಡುಗೆಂಪು, ಒಂದು ದಳಕ್ಕೂ ಹುಳ ಬಾಯಿ ಹಾಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅದು ಅಲ್ಲಾಡುತ್ತಲೇ ಇರಲಿಲ್ಲ. ಎಲೆಗಳೆಲ್ಲ ಕುಣಿಯುತ್ತಿವೆ, ಹೂವು ಮಾತ್ರ ಪರೀಕ್ಷೆಗೆ ಕೂತವರ ಹಾಗೆ ಗಂಭೀರವಾಗಿ ನಿಂತಿದೆ. ನಾನು ಸ್ಟ್ಯಾಂಡು ತಂದು, ಮೊಣಕಾಲೂರಿ, ಲೆನ್ಸಿನ ಸುತ್ತಲ ಬಳೆಯನ್ನು ತಿರುಗಿಸಿ ಮುರುಗಿಸಿ ಅರ್ಧ ಗಂಟೆ ಒದ್ದಾಡಿದೆ. ಅಷ್ಟು ಹೊತ್ತೂ ಹೂವು ಮಿಸುಕಲಿಲ್ಲ. ಹಿನ್ನೆಲೆ ಮಾತ್ರ ಬಣಗುಟ್ಟುತ್ತಿತ್ತು, ಸುಣ್ಣ ಉದುರಿದ ಗೋಡೆ. ಅಷ್ಟರಲ್ಲಿ ಆ ಗೋಡೆಯ ಮುಂದೆ ಹಸಿರು ಬಂತು. ಎಳೆ ಬಾಳೆಸುಳಿಯ ಹಸಿರು. ಕೆಂಪು ಹೂವಿನ ಹಿಂದೆ ಆ ಬಣ್ಣ ಹೇಳಿ ಮಾಡಿಸಿದ ಹಾಗಿತ್ತು.

ಅದು ಶಿವಗಂಗಾಳ ಸೀರೆ ಎಂದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಗೊತ್ತಾಗಿಯೂ ನಾನು ಮೂರು ಸಲ ಕೂಗಲಿಲ್ಲ. ಒಂದು ಸಲವೂ ಕೂಗಲಿಲ್ಲ. ದಾಸವಾಳ ತಾನೆ, ಸಂಜೆಗೆ ಬಾಡುತ್ತದೆ, ಒಂದು ದಿನದ ಮಟ್ಟಿಗೆ ಹೆಂಡತಿ ಮಬ್ಬಾದರೆ ಏನು ಮುಳುಗಿಹೋಗುತ್ತದೆ ಎಂದುಕೊಂಡು ಗುಂಡಿ ಒತ್ತಿದೆ.

"ಅಯ್ಯೋ, ಒತ್ತೇಬಿಟ್ರಾ?" ಎಂದಿತು ಹಸಿರು ಮಬ್ಬು. ಮಾತು ಮಾತ್ರ ಎಂದಿನ ಹಾಗೆ ಸ್ಪಷ್ಟವಾಗಿತ್ತು, ನಮ್ಮೂರಿನಲ್ಲಿ ದನಿ ಮಬ್ಬಾಗುವುದಿಲ್ಲ.

"ಸಂಜೆಗೆ ಸರಿಹೋಗತ್ತೆ ಬಿಡು," ಎಂದು ಹೇಳಿ ನಾನು ಕತ್ತಲೆ ಕೋಣೆಗೆ ಓಡಿದೆ. ಫೋಟೋ ತೊಳೆದು ಮಾರುದ್ದ ಹಿಡಿದು ನೋಡಿದರೆ ಈ ಸಲ ಫೋಕಸ್ಸು ಹೇಗೋ ಸರಿಯಾಗಿ ಕೂತಿತ್ತು. ಹೂವಿನ ನಾಲಿಗೆಯ ತುದಿಯ ಐದು ಕೆಂಪು ಚುಕ್ಕೆಗಳನ್ನು ಎಣಿಸಬಹುದಿತ್ತು. ಮಧ್ಯಾಹ್ನದೊಳಗೆ ಸಂಘಕ್ಕೆ ಕೊಟ್ಟು ಬಂದೆ. ಸಂಜೆಯಾಯಿತು. ಹೂವು ಬಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೂ ಹಾಗೇ ಅರಳಿಕೊಂಡಿತ್ತು. ತೆಗೆದವನ ಕೈಗುಣ ಎಂದು ನಾನು ಹೆಮ್ಮೆಪಡುತ್ತ ನಿಂತಿದ್ದಾಗ, ಪಕ್ಕಕ್ಕೆ ಬಂದ ಮಬ್ಬು ಸಣ್ಣ ದನಿಯಲ್ಲಿ, "ಅದು ಬಾಡಲ್ಲ ರೀ," ಎಂದಿತು.

ಹೂವು ಪ್ಲಾಸ್ಟಿಕ್ಕಿನದು. ಅವಳೇ ಬೆಳಗ್ಗೆ ಎದ್ದು ನಡುಮನೆಯ ಹೂದಾನಿಯಿಂದ ಕಿತ್ತು, ತಂತಿಯ ಕಾಂಡವನ್ನು ಕೊಂಬೆಗೆ ಸುತ್ತಿ ಸಿಕ್ಕಿಸಿದ್ದಳು. ಒಂದು ಗೇಣು ದೂರದಿಂದ ನೋಡಿಯೂ ನನಗೆ ಗೊತ್ತಾಗದಿದ್ದರೆ, ಆಗಲಾದರೂ ಬಾಯಿ ಮುಚ್ಚಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಅವಳ ಲೆಕ್ಕ. ನಾನು ಬೆಪ್ಪಾಗುವ ಗಳಿಗೆಯನ್ನು ಕಣ್ಣಾರೆ ನೋಡಬೇಕೆಂದು ಎದುರಿಗೆ ಬಂದು ನಿಂತಿದ್ದಳು. "ಮೂರು ಸಲ ಕೂಗ್ತೀರಲ್ಲ, ಕೂಗಿದಾಗ ಪಕ್ಕಕ್ಕೆ ಹೋಗಣ ಅಂತಿದ್ದೆ," ಎಂದಳು.

ನಾನು ಸೀರೆಯ ಬಣ್ಣದ ವಿಷಯ ಒಪ್ಪಿಕೊಂಡೆ. ಆಮೇಲೆ ನಡೆದ ಜಗಳವನ್ನು ಇಲ್ಲಿ ಬರೆಯುವಂತಿಲ್ಲ. ಮಬ್ಬಾದ ಹೆಂಡತಿಯೊಂದಿಗೆ ಜಗಳವಾಡುವುದು ಬಹಳ ಕಷ್ಟ ಎಂದಷ್ಟೇ ಹೇಳುತ್ತೇನೆ. ಯಾವ ಕಡೆಗೆ ತಿರುಗಿ ರೇಗಬೇಕೋ ತಿಳಿಯುವುದಿಲ್ಲ. ನಾನು ಅವಳ ಬೆನ್ನಿಗೆ ಐದು ನಿಮಿಷ ಬೈದಿದ್ದೆನಂತೆ.

ಮೊದಮೊದಲು ಅವಳು ಇದನ್ನು ತಮಾಷೆಯಾಗಿಯೇ ತೆಗೆದುಕೊಂಡಳು. ಮದುವೆಮನೆಯಲ್ಲಿ ಎರಡು ಪಂಕ್ತಿಯಲ್ಲಿ ಕೂತು ಊಟ ಮಾಡಿದೆ, ಯಾರೂ ಕೇಳಲಿಲ್ಲ ಎಂದು ನಕ್ಕಳು. ಆದರೆ ನಾಲ್ಕನೆಯ ದಿನ ಬೆಳಗ್ಗೆ ಅವಳು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತದ್ದನ್ನು ನೋಡಿದೆ. ಕುಂಕುಮದ ಬೆರಳು ಎತ್ತಿದವಳು ಎಲ್ಲಿ ಇಡಬೇಕೋ ತಿಳಿಯದೆ ಹಾಗೇ ನಿಂತಿದ್ದಳು. ಕನ್ನಡಿಯಲ್ಲೂ ಬರೀ ಮಬ್ಬೇ. ಅಳುತ್ತಿದ್ದಾಳೋ ಏನೋ ಎಂದು ನೋಡಿದೆ, ನೋಡಿದರೆ ತಿಳಿಯುವ ಹಾಗಿರಲಿಲ್ಲ.

ಭಾನುವಾರ ಬಹುಮಾನದ ಸಮಾರಂಭ. ಮೊದಲನೆಯ ಬಹುಮಾನ ನನಗೇ. ಸೋಮಾರಾಧ್ಯರು ನನ್ನ ಫೋಟೋವನ್ನು ಎತ್ತಿ ಹಿಡಿದು, "ದಳದ ಮೇಲೆ ಹಾದುಹೋಗಿರೋ ಈ ನರ ನೋಡಿ, ಇಷ್ಟು ನೇರವಾದ ನರ ನನ್ನ ಜೀವಮಾನದಲ್ಲೇ ನೋಡಿಲ್ಲ," ಎಂದು ಕೊಂಡಾಡಿದರು. ಅದು ಪ್ಲಾಸ್ಟಿಕ್ಕಿನ ಅಚ್ಚಿನಲ್ಲಿ ಎರಡು ಹೋಳು ಕೂಡಿಸಿದ ಗೆರೆ. ಸಭೆ ತಲೆದೂಗಿತು. "ಇನ್ನು ಈ ಹಿನ್ನೆಲೆ. ಏನು ಹದವಾದ ಹಸಿರು. ಕಣ್ಣಿಗೆ ಒಂಚೂರೂ ಅಡ್ಡ ಬರಲ್ಲ. ಹಿನ್ನೆಲೆ ಅಂದ್ರೆ ಹೀಗೆ, ಇದ್ದೂ ಇಲ್ಲದಂಗಿರಬೇಕು." ಆ ಹಿನ್ನೆಲೆ ಮೊದಲನೆಯ ಸಾಲಿನಲ್ಲೇ ಕುರ್ಚಿ ಹಾಕಿಕೊಂಡು ಕೂತಿತ್ತು. ನಾನು ಬಹುಮಾನದ ಕಪ್ಪು ಹಿಡಿದುಕೊಂಡು ಕೈ ಮುಗಿದೆ.

ಮನೆಗೆ ನಡೆದು ಬರುವಾಗ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇದ್ದಳು. ಅಂಚೆ ಕಚೇರಿಯ ತಿರುವಿನಲ್ಲಿ ನಿಂತು, "ಒಂದು ಕೇಳ್ತೀನಿ, ಹೇಳಿ. ನನ್ನ ಮೂಗುಬೊಟ್ಟು ಯಾವ ಕಡೆ ಇದೆ?" ಎಂದಳು.

ನಾನು ಬಾಯಿ ತೆರೆದೆ. ಎಡ ಅನ್ನಿಸಿತು. ಬಲ ಅನ್ನಿಸಿತು. ದಾಸವಾಳದ ನಾಲಿಗೆಯಲ್ಲಿ ಚುಕ್ಕೆ ಎಷ್ಟು, ಕಣಗಿಲೆಗೆ ದಳ ಎಷ್ಟು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಇಪ್ಪತ್ತಾರು ವರ್ಷ ಎದುರಿಗೆ ಕೂತು ಊಟ ಮಾಡಿದವಳ ಮೂಗುಬೊಟ್ಟಿಗೆ ಉತ್ತರ ಬರಲಿಲ್ಲ. "ಬಿಡಿ," ಎಂದು ಅವಳು ಮುಂದೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿ ಭಯವಾದದ್ದು ಆಗ.

ಮರುದಿನ ಸೋಮಾರಾಧ್ಯರ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಪ್ಲಾಸ್ಟಿಕ್ ಎಂದದ್ದೇ ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಪಾಪ, ಶಿವಗಂಗಾಳ ಚಿಂತೆಗಲ್ಲ. "ಇದನ್ನ ಮೂರನೆಯವರ ಕಿವಿಗೆ ಹಾಕಬೇಡಿ. ತೀರ್ಪುಗಾರರ ಮಾನದ ಪ್ರಶ್ನೆ," ಎಂದರು. ಆಮೇಲೆ ಸಂಘದ ನಿಯಮಾವಳಿ ತೆಗೆದು ಹದಿನೇಳನೆಯ ನಿಯಮ ಓದಿದರು. ಬಾಡದ ಹೂವಿನಿಂದ ಮಬ್ಬಾದವರನ್ನು ಅದೇ ಹೂವಿನ ಹಿಂದೆ ನಿಲ್ಲಿಸಿ, ಅದೇ ಕ್ಯಾಮೆರಾದಿಂದ, ಮಬ್ಬು ಮಾಡಿದವರೇ ಇನ್ನೊಂದು ಸಲ ತೆಗೆಯಬೇಕು. ಫೋಕಸ್ಸು ಈ ಸಲ ಹೂವಿನ ಮೇಲಲ್ಲ, ಹಿಂದಿನವರ ಮೇಲೆ ಕೂರಬೇಕು. ಕೂತರೆ ಬರುತ್ತಾರೆ. ಒಂದೇ ಅವಕಾಶ. ತಪ್ಪಿದರೆ ಸಂಘ ಜವಾಬ್ದಾರಿಯಲ್ಲ.

"ಯಾರಾದ್ರೂ ಹಾಗೆ ಬಂದಿದ್ದಾರಾ?" ಎಂದು ಕೇಳಿದೆ.

"ಹಿಂದೆ ಒಬ್ಬರು ಕಾಗದದ ಹೂವಿನ ಹಿಂದೆ ಸಿಕ್ಕಿಹಾಕ್ಕೊಂಡಿದ್ರು. ಅವರ ಅಣ್ಣ ತೆಗೆದದ್ದು. ನಾಲ್ಕು ಬೆರಳು ಆಚೀಚೆ ಆಯ್ತಂತೆ," ಎಂದರು ಸೋಮಾರಾಧ್ಯರು. "ಅವರು ಈಗಲೂ ಸಂತೆಗೆ ಬರ್ತಾರೆ. ನೀವೂ ನೋಡಿರ್ತೀರಿ." ಸೊಪ್ಪಿನ ಸಾಲಿನಲ್ಲಿ ಓಡಾಡುವ ಒಂದು ಬೂದು ಬಣ್ಣದ ಮಬ್ಬನ್ನು ನಾನು ನೋಡಿದ್ದೆ. ಯಾರಿಗೋ ಒಂದೆರಡು ದಿನದ್ದು ಎಂದುಕೊಂಡಿದ್ದೆ.

ಅಲ್ಲಿಂದ ನೇರವಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕನ್ನಡಕ ಮಾಡಿಸಿಕೊಂಡೆ. ಅನ್ನದ ತಟ್ಟೆ ನೋಡಿದರೆ ಒಂದೊಂದು ಅಗುಳೂ ಬೇರೆ ಬೇರೆಯಾಗಿ ಕಂಡಿತು. ನನ್ನ ಹಳೆಯ ಫೋಟೋಗಳನ್ನು ತೆಗೆದು ನೋಡಿ ನಾಚಿಕೆಯಾಯಿತು. ಗಾಳಿಯ ಮೇಲೆ ಎಷ್ಟು ವರ್ಷ ಗೂಬೆ ಕೂರಿಸಿದ್ದೆ. ಆದರೆ ಕನ್ನಡಕ ಹಾಕಿಕೊಂಡು ಕ್ಯಾಮೆರಾದ ಕಿಂಡಿಯಲ್ಲಿ ಶಿವಗಂಗಾಳನ್ನು ನೋಡಿದರೆ ಏನೂ ಬದಲಾಗಿರಲಿಲ್ಲ. ಬಳೆಯನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದರೂ ಅವಳು ಮಬ್ಬೇ. ಸರಿಯಾಗಿ ಕೂತರೂ ಮಬ್ಬು, ತಪ್ಪಿದರೂ ಮಬ್ಬು. ಮಬ್ಬಾದದ್ದರ ಮೇಲೆ ಕಣ್ಣಿನಿಂದ ಫೋಕಸ್ ಮಾಡುವುದು ಹೇಗೆ? ಎರಡು ದಿನ ನನಗೆ ಅನ್ನ ಸೇರಲಿಲ್ಲ.

ದಾರಿ ತೋರಿಸಿದವಳು ಅವಳೇ. ಮೂರನೆಯ ದಿನ ಹೊಲಿಗೆ ಮಿಷನ್ನಿನ ಮುಂದಿನಿಂದ, "ನಿಮ್ಮ ಲೆನ್ಸಿನ ಮೇಲೆ ಅಂಕಿ ಬರ್ದಿದೆಯಲ್ಲ, ಅದು ಯಾಕಿದೆ?" ಎಂದಳು.

"ಎಷ್ಟು ದೂರಕ್ಕೆ ಫೋಕಸ್ ಕೂತಿದೆ ಅಂತ ತೋರ್ಸಕ್ಕೆ."

"ಮತ್ತೆ ಕಣ್ಣು ಯಾಕ್ರೀ ಬೇಕು? ಟೇಪು ಹಿಡೀರಿ," ಎಂದು ಅವಳ ಅಳತೆ ಪಟ್ಟಿಯನ್ನು ನನ್ನ ಮೇಲೆ ಎಸೆದಳು. ಮೂವತ್ತು ವರ್ಷದ ಕಸುಬು ನನ್ನದು, ಹೊಳೆದದ್ದು ರವಿಕೆ ಹೊಲಿಯುವವಳಿಗೆ.

ಮಾರನೆಯ ಬೆಳಗ್ಗೆ, ಎಲೆ ಅಲ್ಲಾಡದ ಹೊತ್ತಿನಲ್ಲಿ, ಹಿತ್ತಿಲಿನಲ್ಲಿ ಸ್ಟ್ಯಾಂಡು ನಿಲ್ಲಿಸಿದೆ. ಪ್ಲಾಸ್ಟಿಕ್ ದಾಸವಾಳ ಅದೇ ಕೊಂಬೆಯಲ್ಲಿ ಅದೇ ಸೊಕ್ಕಿನಿಂದ ನಿಂತಿತ್ತು. ಅದು ಚೌಕಟ್ಟಿನ ಒಂದು ಮೂಲೆಗೆ ಹೋಗುವ ಹಾಗೆ ಕ್ಯಾಮೆರಾ ಸರಿಸಿ, ಉಳಿದ ಜಾಗವನ್ನೆಲ್ಲ ಹಸಿರು ಮಬ್ಬಿಗೆ ಬಿಟ್ಟೆ. ಅವಳು ಅದೇ ಸೀರೆ ಉಟ್ಟು ಗೋಡೆಯ ಮುಂದೆ ನಿಂತಿದ್ದಳು. ಟೇಪಿನ ತುದಿಯನ್ನು ಲೆನ್ಸಿನ ಮೂತಿಗೆ ಒತ್ತಿ ಎಳೆದುಕೊಂಡು ಹೊರಟವನು ಅರ್ಧ ದಾರಿಯಲ್ಲಿ ನಿಂತೆ. ದೂರವನ್ನು ಅಳೆಯಬೇಕಾದದ್ದು ಮೂತಿಯಿಂದಲ್ಲ, ಕ್ಯಾಮೆರಾದ ಬೆನ್ನಿನಲ್ಲಿ ಫಿಲ್ಮು ಕೂರುವ ಜಾಗದಿಂದ. ಆ ನಾಲ್ಕು ಬೆರಳೇ ಸಂತೆಯ ಆ ಮನುಷ್ಯನನ್ನು ನುಂಗಿದ್ದಿರಬೇಕು. ಹಿಂತಿರುಗಿ ಟೇಪನ್ನು ಸರಿಯಾದ ಕಡೆ ಅಂಟಿಸಿ ಮತ್ತೆ ಬಂದೆ.

"ಎಲ್ಲಿಗೆ ಹಿಡೀಲಿ? ಏನೂ ಕಾಣ್ಸಲ್ಲ," ಎಂದೆ.

"ಮುಟ್ಟಿ ನೋಡಿ. ನಾನೇನು ಪರರ ಹೆಂಡ್ತಿನಾ?"

ಕೈ ಚಾಚಿದೆ. ಮಬ್ಬಿನೊಳಗೆ ಬೆಚ್ಚಗಿನ ಕೆನ್ನೆ ಸಿಕ್ಕಿತು. ಅದು ಒದ್ದೆಯಾಗಿತ್ತು. ಒರೆಸಿ ಮೇಲಕ್ಕೆ ಬೆರಳು ಆಡಿಸಿದೆ. ಹಣೆಯ ಮೇಲೆ ಹಳೆಯ ಗಾಯದ ಸಣ್ಣ ಗೀರು, ಹುಬ್ಬು, ಮುಚ್ಚಿದ ರೆಪ್ಪೆ. ನಾನು ಹೀಗೆ ಇವಳ ಮುಖ ಮುಟ್ಟಿ ಎಷ್ಟು ವರ್ಷವಾಯಿತೋ ಲೆಕ್ಕ ಸಿಗಲಿಲ್ಲ. ಮೂಗಿನ ಮೇಲಿಂದ ಬೆರಳು ಇಳಿಸಿದೆ. ಬಲಗಡೆ ಚುಚ್ಚಿತು.

"ಬಲಗಡೆ," ಎಂದೆ.

"ಪಾಸಾದ್ರಿ, ಕಾಪಿ ಹೊಡೆದು," ಎಂದಳು.

ಕ್ಯಾಮೆರಾದಿಂದ ಮೂಗುಬೊಟ್ಟಿಗೆ ಐದಡಿ ಎರಡಂಗುಲ. ಬಳೆಯನ್ನು ಆ ಅಂಕಿಗೆ ತಂದೆ. ಸ್ವಲ್ಪ ಆಚೀಚೆಯಾದರೂ ತಡೆಯಲಿ ಎಂದು ಬೆಳಕಿನ ಕಂಡಿಯನ್ನು ಆದಷ್ಟು ಕಿರಿದು ಮಾಡಿದೆ. ಬೆಳಕು ಕಮ್ಮಿಯಾದ್ದರಿಂದ ಫೋಟೋ ಬೀಳಲು ಹೊತ್ತು ಹಿಡಿಯುತ್ತದೆ, ಗುಂಡಿ ಒತ್ತಿದ ಮೇಲೆ ಒಂದು ಕ್ಷಣ ಅವಳು ಮಿಸುಕುವಂತಿಲ್ಲ, ಮಾತಾಡುವಂತೆಯೂ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಆಗದ್ದು ಅದು. "ಉಸಿರು ಕಟ್ಕೋ," ಎಂದೆ. ಎದ್ದು ನಿಂತು ಹಿತ್ತಿಲು, ಪಕ್ಕದ ಮನೆ, ಬೀದಿ ಎಲ್ಲಕ್ಕೂ ಕೇಳುವ ಹಾಗೆ, ಹೂವಿನ ಹಿಂದೆ ಯಾರೂ ನಿಲ್ಲಬೇಡಿ ಎಂದು ಮೂರು ಸಲ ಕೂಗಿದೆ. "ನೀನೊಬ್ಬಳು ನಿಂತಿರು," ಎಂದು ಸೇರಿಸಿ ಗುಂಡಿ ಒತ್ತಿದೆ.

ಆಮೇಲೆ ತಲೆ ಎತ್ತಲು ನನಗೆ ಧೈರ್ಯ ಬರಲಿಲ್ಲ. ನೆಲ ನೋಡುತ್ತ ಕೂತಿದ್ದೆ. "ಆಯ್ತೇನ್ರೀ? ಉಸಿರು ಬಿಡ್ಲಾ?" ಎಂಬ ದನಿ ಕೇಳಿ ನೋಡಿದರೆ ಗೋಡೆಯ ಮುಂದೆ ಐವತ್ತರ ಹತ್ತಿರದ ಒಬ್ಬ ಹೆಂಗಸು ಪೂರಿಯ ಹಾಗೆ ಕೆನ್ನೆ ಊದಿಸಿಕೊಂಡು ನಿಂತಿದ್ದಳು. ಕಿವಿಯ ಹಿಂದೆ ನರೆತ ಕೂದಲು, ಕಣ್ಣಿನ ಕೆಳಗೆ ಕಪ್ಪು, ಗಲ್ಲದ ಕೆಳಗೆ ನಾನು ಎಂದೂ ನೋಡದ ಒಂದು ಮಚ್ಚೆ. ಕನ್ನಡಕದೊಳಗಿಂದ ಅವಳ ಮುಖ ನೋಡಿದ್ದು ಅದೇ ಮೊದಲು. ಚೆಲುವೆ ಅಂದರೆ ಬಹಳ ಚೆಲುವೆ. ಹೇಳಿಬಿಟ್ಟೆ ಕೂಡ. "ಕನ್ನಡಕದ ಗುಣ," ಎಂದು ಅವಳು ಕುಂಕುಮ ಇಟ್ಟುಕೊಳ್ಳಲು ಒಳಗೆ ಹೋದಳು.

ಆ ಫೋಟೋವನ್ನು ಸೋಮಾರಾಧ್ಯರಿಗೆ ತೋರಿಸಿದೆ. ಮೂಲೆಯ ಕೆಂಪು ಕಲೆಯನ್ನು ನೋಡಿ, ಹೂವಿಗೆ ಮತ್ತೆ ಜ್ವರ ಬಂತಲ್ಲ ಎಂದರು. ಕಪ್ಪನ್ನು ಅವರ ಮೇಜಿನ ಮೇಲೆ ಇಟ್ಟು ಬಂದೆ. ಫೋಕಸ್ಸು ತಪ್ಪಿದ ಪ್ಲಾಸ್ಟಿಕ್ ದಾಸವಾಳವೇ ಈಗ ಮಬ್ಬಾಗಿ ಹೂದಾನಿಗೆ ವಾಪಸಾಗಿದೆ. ಬಂದವರು ಧೂಳು ಕೂತಿದೆ ಎಂದು ಸೆರಗಿನಿಂದ ಒರೆಸಿ ಸೋಲುತ್ತಾರೆ.

ಅವತ್ತಿನಿಂದ ಬೆಳಗಿನ ಕಾಫಿ ಕೊಡುವಾಗ ಲೋಟವನ್ನು ಕೈಗೆ ಬಿಡುವ ಮುಂಚೆ ಅವಳು ಒಂದೇ ಪ್ರಶ್ನೆ ಕೇಳುತ್ತಾಳೆ. "ಯಾವ ಕಡೆ?" ಬಲಗಡೆ ಎಂದ ಮೇಲೆ ಲೋಟ ನನ್ನ ಕೈಗೆ. ಹೀಗೇ ಎರಡು ತಿಂಗಳು ನಡೆಯಿತು. ಹೋದ ಗುರುವಾರ ನಾನು ಪಾರ್ಕಿನ ಹೊಸ ಲಿಲ್ಲಿ ಹೂವಿನ ಫೋಟೋಗಳನ್ನು ಹರಡಿಕೊಂಡು ಕೂತಿದ್ದೆ. "ಯಾವ ಕಡೆ?" ಎಂದಳು. "ಬಲಗಡೆ," ಎಂದು ಕೈ ಚಾಚಿದೆ. ಲೋಟ ಬರಲಿಲ್ಲ.

ತಲೆ ಎತ್ತಿ ನೋಡಿದೆ. ಬಲಗಡೆ ಒಂದು ಖಾಲಿ ತೂತು. ಎಡಗಡೆ ಮೂಗು ಇನ್ನೂ ಸ್ವಲ್ಪ ಕೆಂಪಾಗಿತ್ತು, ಬೊಟ್ಟು ಅಲ್ಲಿ ಹೊಳೆಯುತ್ತಿತ್ತು.

"ಯಾವಾಗ ಚುಚ್ಚಿಸ್ಕೊಂಡೆ?" ಎಂದೆ.

"ಭಾನುವಾರ," ಎಂದಳು ಶಿವಗಂಗಾ.